ಹೊರದೇಶದಲ್ಲಿ ನಿಮ್ಮ ಹಾಡಿಗೆ ಅವಕಾಶ: ಎಲ್ಲಿಂದ ಶುರು ಮಾಡಬೇಕು?

"ನಾನು ಹಾಡು ಬರೀತೀನಿ. ಹೊರದೇಶದವರು ತಗೊಳ್ತಾರಾ? ಯಾರಿಗೆ ಕಳಿಸಬೇಕು?" ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಲೇ ಇದ್ದೀರಿ. ಕೇಳುವವರಲ್ಲಿ ಮೂರು ಬಗೆ: ಸಾಹಿತ್ಯ ಮಾತ್ರ ಬರೆಯುವವರು, ಟ್ಯೂನ್ ಹಾಕುವವರು, ಎರಡನ್ನೂ ಮಾಡಿ ತಾವೇ ಹಾಡುವವರು. ಮೂವರಿಗೂ ದಾರಿ ಬೇರೆ ಬೇರೆ. ಆದರೆ ಮೊದಲ ಮೂರು ಹಂತ ಎಲ್ಲರಿಗೂ ಒಂದೇ. ಎಲ್ಲರೂ ಹಾರಿಸಿಬಿಡುವುದೂ ಅವನ್ನೇ. "ಯಾರಿಗೆ ಕಳಿಸಲಿ" ಅನ್ನುವುದು ಆರನೇ ಹಂತದ ಪ್ರಶ್ನೆ. ಅಲ್ಲಿಗೆ ಬರುವಷ್ಟರಲ್ಲಿ ಕಾಗದಪತ್ರ ಸರಿಯಿಲ್ಲದಿದ್ದರೆ, ಯಾರಾದರೂ "ಸರಿ, ತಗೊಳ್ತೀವಿ" ಅಂದ ದಿನವೇ ನಿಮ್ಮ ತಲೆನೋವು ಶುರು.

ಮೊದಲು ಇಷ್ಟನ್ನು ಹತ್ತಿರ ಇಟ್ಟುಕೊಳ್ಳಿ: ಪೂರ್ತಿಯಾದ ಮೂರು ಹಾಡು, ಅವುಗಳ ಒಪ್ಪವಾದ ಡೆಮೊ (ಕೇಳಿಸಲು ಮಾಡಿದ ಮಾದರಿ ರೆಕಾರ್ಡಿಂಗ್), ಪ್ಯಾನ್ ಕಾರ್ಡ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಮತ್ತು ಈವರೆಗೆ ಸಹಿ ಹಾಕಿದ ಎಲ್ಲ ಒಪ್ಪಂದಗಳ ಪ್ರತಿ. ಕೊನೆಯದು ಸಿಗುತ್ತಿಲ್ಲ ಅಂದರೆ ಇವತ್ತೇ ಹುಡುಕಿ.

ಹಂತ 1: ಹಾಡು ನಿಮ್ಮದೇನಾ, ನೋಡಿಕೊಳ್ಳಿ

ಒಂದು ಹಾಡಿನಲ್ಲಿ ಎರಡು ಆಸ್ತಿ ಇರುತ್ತದೆ. ಸಾಹಿತ್ಯ ಮತ್ತು ಟ್ಯೂನ್ ಸೇರಿ ಒಂದು. ಅದನ್ನು ಹೊರಗಿನವರು 'ಕಾಂಪೊಸಿಷನ್' ಅಥವಾ 'ಪಬ್ಲಿಷಿಂಗ್' ಅನ್ನುತ್ತಾರೆ. ಸ್ಟುಡಿಯೋದಲ್ಲಿ ಮಾಡಿದ ರೆಕಾರ್ಡಿಂಗ್ ಇನ್ನೊಂದು. ಅದರ ಹೆಸರು 'ಮಾಸ್ಟರ್'. ಹಾಡು ಬರೆದವರಿಗೆ ಮೊದಲನೆಯದರಲ್ಲಿ ಪಾಲು. ಎರಡನೆಯದು ಸಾಮಾನ್ಯವಾಗಿ ರೆಕಾರ್ಡಿಂಗ್‌ಗೆ ದುಡ್ಡು ಹಾಕಿದವರದ್ದು. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಮಾತೂ ಇದರ ಮೇಲೇ ನಿಂತಿದೆ.

ಸಿನಿಮಾಗೋ ಆಡಿಯೋ ಕಂಪನಿಗೋ ಬರೆದುಕೊಟ್ಟ ಹಾಡನ್ನು ಹೊರಗೆ ಕಳಿಸುವ ಮೊದಲು ಒಪ್ಪಂದ ತೆಗೆದು ಓದಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಬರೆಯುವವರಿಗೆ ಉಪಯೋಗವಾಗುವ ಎರಡು ಮಾತಿದೆ. ಒಪ್ಪಂದದಲ್ಲಿ ಎಷ್ಟು ವರ್ಷ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ದೇಶಕ್ಕೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಹಾಗಾಗಿ "ಹಕ್ಕು ಕೊಟ್ಟಿದ್ದೇನೆ" ಅಂತಷ್ಟೇ ಇರುವ ಅರ್ಧ ಪುಟದ ಹಳೇ ಕಾಗದ ನಿಮಗೆ ಅನುಕೂಲವೇ ಆಗಬಹುದು. ಆದರೆ "ಇಡೀ ಪ್ರಪಂಚಕ್ಕೆ, ಶಾಶ್ವತವಾಗಿ" ಅಂತ ಇದ್ದರೆ, ಆ ಹಾಡನ್ನು ಬೇರೆಯವರಿಗೆ ಕೊಡುವ ಆಸೆ ಬಿಡಿ.

ಹಾಗಿದ್ದರೂ ರಾಯಲ್ಟಿಯ, ಅಂದರೆ ಹಾಡು ಬಳಸಿದ್ದಕ್ಕೆ ಬರುವ ಹಣದ, ಪಾಲು ಹೋಗುವುದಿಲ್ಲ. 2012ರ ತಿದ್ದುಪಡಿ ಆದಮೇಲೆ, ಸಿನಿಮಾದ ಅಥವಾ ಆಲ್ಬಮ್‌ನ ಹಾಡು ಬರೆದವರು ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನು ಬಿಟ್ಟುಕೊಡುವ ಹಾಗೇ ಇಲ್ಲ. ಥಿಯೇಟರ್‌ನಲ್ಲಿ ಸಿನಿಮಾ ಜೊತೆ ಹಾಡು ಬರುವುದು ಮಾತ್ರ ಇದರಿಂದ ಹೊರಗೆ. "ಬಿಟ್ಟುಕೊಟ್ಟಿದ್ದೇನೆ" ಅಂತ ಬರೆಸಿಕೊಂಡಿದ್ದರೂ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ.

ಸುಗಮ ಸಂಗೀತದವರು ಇಲ್ಲಿ ಸ್ವಲ್ಪ ನಿಲ್ಲಿ. ಕವಿ ತೀರಿಕೊಂಡ ಮೇಲೆ 60 ವರ್ಷ ಅವರ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಡಿವಿಜಿ ತೀರಿಕೊಂಡಿದ್ದು 1975ರಲ್ಲಿ, ಅಂದರೆ 2035ರ ಕೊನೆಯವರೆಗೆ. ಬೇಂದ್ರೆಯವರದ್ದು 2041ರವರೆಗೆ, ಕುವೆಂಪು ಅವರದ್ದು 2054ರವರೆಗೆ. "ಎಲ್ಲರೂ ಹಾಡ್ತಾರಲ್ಲ" ಅನ್ನುವುದು ಅನುಮತಿ ಅಲ್ಲ. ಊರಿನ ವೇದಿಕೆಯಲ್ಲಿ ಯಾರೂ ಕೇಳದೇ ಇರಬಹುದು, ಹೊರದೇಶದ ಕಂಪನಿಯ ವಕೀಲರು ಮೊದಲು ಕೇಳುವುದೇ ಅದನ್ನು. ವಚನ, ದಾಸರ ಪದಗಳಿಗೆ ಈ ತೊಂದರೆ ಇಲ್ಲ. ಬಸವಣ್ಣನವರ ವಚನಕ್ಕೆ ನೀವು ಹಾಕಿದ ಹೊಸ ಟ್ಯೂನ್ ನಿಮ್ಮದೇ. ಆದರೆ ಎಲ್ಲರ ಬಾಯಲ್ಲಿರುವ ಹಳೇ ಟ್ಯೂನನ್ನು ನಿಮ್ಮದು ಅಂತ ನೋಂದಾಯಿಸಬೇಡಿ. ಜನಪದ ಮಟ್ಟುಗಳಿಗೂ ಇದೇ ಮಾತು. 'ಸಾಂಪ್ರದಾಯಿಕ, ಅಳವಡಿಕೆ ಮಾತ್ರ ನನ್ನದು' ಅಂತ ನಿಜ ಬರೆದರೆ ಏನೂ ಕಳೆದುಕೊಳ್ಳುವುದಿಲ್ಲ.

ಇನ್ನೊಂದು ಗುಂಡಿ: ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಬೀಟು, ಲೂಪು. ಲೈಸೆನ್ಸ್ ಇರುವ ಲೂಪ್ ಆದರೆ ಅದರ ರಸೀದಿ ತೆಗೆದಿಡಿ. ಎಲ್ಲಿಂದ ಬಂತು ಅಂತ ನೆನಪಿಲ್ಲದಿದ್ದರೆ ಅದನ್ನು ತೆಗೆದು, ಬೇರೆ ನುಡಿಸಿ.

ಹಂತ 2: ಹಾಡನ್ನು ನೋಂದಾಯಿಸಿ

ಭಾರತದಲ್ಲಿ ಸಾಹಿತಿಗಳ, ಸಂಗೀತ ಸಂಯೋಜಕರ ಪರವಾಗಿ ರಾಯಲ್ಟಿ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್. 1969ರಲ್ಲಿ ಶುರುವಾದದ್ದು, ಮುಖ್ಯ ಕಚೇರಿ ಮುಂಬೈನಲ್ಲಿ. ಇಂಥ ಸಂಸ್ಥೆಗಳು ಬೇರೆ ದೇಶಗಳಲ್ಲೂ ಇವೆ: ಬ್ರಿಟನ್ನಿನಲ್ಲಿ ಪಿಆರ್‌ಎಸ್, ಅಮೆರಿಕದಲ್ಲಿ ಆಸ್ಕ್ಯಾಪ್ ಮತ್ತು ಬಿಎಂಐ, ಕೊರಿಯಾದಲ್ಲಿ ಕೊಮ್ಕಾ. ಇವು ಒಂದಕ್ಕೊಂದು ಒಪ್ಪಂದ ಮಾಡಿಕೊಂಡಿರುತ್ತವೆ. ನಿಮ್ಮ ಹಾಡು ಲಂಡನ್ನಿನ ರೇಡಿಯೋದಲ್ಲಿ ಬಂದರೆ ಅಲ್ಲಿನ ಸಂಸ್ಥೆ ಹಣ ತೆಗೆದುಕೊಂಡು ಇಲ್ಲಿನ ಸಂಸ್ಥೆಗೆ ದಾಟಿಸುತ್ತದೆ. ಆದರೆ ನೀವು ಯಾರು, ಹಾಡು ಯಾವುದು ಅಂತ ಅವರಿಗೆ ಗೊತ್ತಾದರೆ ಮಾತ್ರ.

ಅದಕ್ಕೇ ಈ ಮೂರು ನಂಬರ್:

ಐಪಿಐ: ಬರೆದ ವ್ಯಕ್ತಿಯ ನಂಬರ್. ಐಪಿಆರ್‌ಎಸ್ ಸದಸ್ಯರಾದ ಮೇಲೆ ಬರುತ್ತದೆ.
ಐಎಸ್‌ಡಬ್ಲ್ಯುಸಿ: ಹಾಡಿನ ನಂಬರ್. 'ಟಿ' ಅಕ್ಷರದಿಂದ ಶುರುವಾಗುತ್ತದೆ.
ಐಎಸ್‌ಆರ್‌ಸಿ: ರೆಕಾರ್ಡಿಂಗ್‌ನ ನಂಬರ್, 12 ಅಕ್ಷರ-ಅಂಕಿ. ಹಾಡನ್ನು ಸ್ಟ್ರೀಮಿಂಗ್‌ಗೆ ಹಾಕುವ ಡಿಸ್ಟ್ರಿಬ್ಯೂಟರ್ ಕೊಡುತ್ತಾರೆ.

ಒಂದೇ ಹಾಡನ್ನು ಮೂವರು ಹಾಡಿದರೆ ಹಾಡಿನ ನಂಬರ್ ಒಂದೇ, ರೆಕಾರ್ಡಿಂಗ್ ನಂಬರ್ ಮೂರು. ಸ್ಟ್ರೀಮಿಂಗ್‌ನಲ್ಲಿ ಹಾಡು ಬಂತು ಅಂದಮಾತ್ರಕ್ಕೆ ಬರೆದವರ ರಾಯಲ್ಟಿ ತಾನಾಗಿ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಡಿಸ್ಟ್ರಿಬ್ಯೂಟರ್ ಕೊಡುವುದು ಮಾಸ್ಟರ್‌ನ ಹಣ. ಬರೆದವರ ಹಣದ ದಾರಿ ಬೇರೆ.

ಎಚ್ಚರಿಕೆ: ಒಂದೇ ಹಕ್ಕಿಗೆ ಎರಡು ಸಂಸ್ಥೆ ಸೇರಬೇಡಿ. "ಅಮೆರಿಕದ್ದು ಚೆನ್ನಾಗಿದೆಯಂತೆ" ಅಂತ ಇಲ್ಲೊಂದು, ಅಲ್ಲೊಂದು ಸದಸ್ಯತ್ವ ಮಾಡಿಸಿಕೊಂಡರೆ ಒಂದೇ ಹಾಡಿಗೆ ಎರಡು ಕಡೆಯಿಂದ ಹಕ್ಕು ಕೇಳಿದಂತಾಗುತ್ತದೆ. ವ್ಯಾಜ್ಯ ತೀರುವ ತನಕ ಹಣ ನಿಂತುಬಿಡುತ್ತದೆ. ಅಮೆರಿಕದ ಎಂಎಲ್‌ಸಿ ವಿಚಾರದಲ್ಲೂ ಹುಷಾರು. ಅಲ್ಲಿನ ಸ್ಟ್ರೀಮಿಂಗ್‌ನಿಂದ ಬರುವ 'ಮೆಕ್ಯಾನಿಕಲ್' ಹಣವನ್ನು, ಅಂದರೆ ಹಾಡಿನ ಪ್ರತಿ ಮಾಡಿದ್ದಕ್ಕೆ ಬರೆದವರಿಗೆ ಸಿಗುವ ಹಣವನ್ನು, 2021ರಿಂದ ಇದೇ ಸಂಸ್ಥೆ ಸಂಗ್ರಹಿಸುತ್ತಿದೆ. ಸೇರಲು ಶುಲ್ಕ ಇಲ್ಲ. ಆದರೆ ನಿಮ್ಮ ಪರವಾಗಿ ಬೇರೆ ಯಾರಾದರೂ ಆಗಲೇ ಕೇಳುತ್ತಿದ್ದಾರಾ ಅಂತ ಐಪಿಆರ್‌ಎಸ್‌ನಲ್ಲಿ ವಿಚಾರಿಸಿ ಆಮೇಲೆ ಸೇರಿ. ಎಂಎಲ್‌ಸಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹಾಡು ಹುಡುಕಬಹುದು. ನಿಮ್ಮ ಹಾಡನ್ನೇ ಒಮ್ಮೆ ಹುಡುಕಿ ನೋಡಿ. ಕೆಲವರಿಗೆ ತಮ್ಮ ಹಾಡು ಬೇರೆಯವರ ಹೆಸರಲ್ಲಿ ಕಂಡು ಗಾಬರಿ ಆಗುವುದುಂಟು.

ಇಲ್ಲಿನ ಹಕ್ಕುಸ್ವಾಮ್ಯ ಕಚೇರಿಯಲ್ಲೂ ನೋಂದಾಯಿಸಬೇಕಾ? ಕಡ್ಡಾಯ ಅಲ್ಲ. ಹಾಡು ಬರೆದ ಕ್ಷಣದಿಂದ ಹಕ್ಕು ನಿಮ್ಮದೇ. ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದಕ್ಕೆ ಸೇರಿದ ಎಲ್ಲ ದೇಶಗಳೂ ಅದನ್ನು ಒಪ್ಪುತ್ತವೆ. ಆದರೆ ಜಗಳ ಬಂದಾಗ ಕೈಯಲ್ಲೊಂದು ದಾಖಲೆ ಇದ್ದರೆ ಒಳ್ಳೆಯದು. ದುಡ್ಡು ತರಬಹುದು ಅನ್ನಿಸುವ ಹಾಡುಗಳಿಗೆ ಮಾಡಿಸಿ ಸಾಕು.

ಹಂತ 3: ಪಾಲು ಎಷ್ಟು ಅಂತ ಅವತ್ತೇ ಬರೆದಿಡಿ

ಇದಕ್ಕೆ 'ಸ್ಪ್ಲಿಟ್ ಶೀಟ್' ಅನ್ನುತ್ತಾರೆ. ಹಾಡಿನಲ್ಲಿ ಯಾರ ಪಾಲು ಎಷ್ಟು ಅಂತ ಬರೆದು ಎಲ್ಲರೂ ಸಹಿ ಹಾಕಿದ ಒಂದು ಹಾಳೆ. ಹೆಸರು, ಸಂಸ್ಥೆ, ಐಪಿಐ ನಂಬರ್, ಶೇಕಡಾವಾರು, ತಾರೀಕು. ಒಟ್ಟು 100 ಆಗಬೇಕು. ಅಷ್ಟೇ.

ನಮ್ಮಲ್ಲಿ ಇದನ್ನು ಕೇಳುವುದಕ್ಕೆ ಸಂಕೋಚ. "ಸ್ನೇಹದಲ್ಲಿ ಲೆಕ್ಕ ಏಕೆ?" ಅಂತ ನಾನೂ ಒಮ್ಮೆ ಸುಮ್ನೆ ಬಿಟ್ಟಿದ್ದೆ. ಹಾಡು ಹೊರಗಿನ ಒಂದು ಸಣ್ಣ ಜಾಹೀರಾತಿಗೆ ಬೇಕು ಅಂತ ಬಂದಾಗ ನಾವು ಮೂವರು ಹೇಳಿದ ಪಾಲು ಕೂಡಿದರೆ 140 ಆಯಿತು! ಜಾಹೀರಾತಿನವರು ಬೇರೆ ಹಾಡು ನೋಡಿಕೊಂಡರು.

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಕೋಣೆಯಲ್ಲಿ ಕೂತು ಬರೆದವರೆಲ್ಲರಿಗೂ ಸಮಪಾಲು ಅನ್ನುವುದು ರೂಢಿ. ಒಂದೇ ಸಾಲು ಕೊಟ್ಟವರಿಗೂ ಸಮಪಾಲೇ. ಬೇರೆ ಕಡೆ ಹಾಗಿಲ್ಲದಿರಬಹುದು. ಅದಕ್ಕೇ ಕೂರುವ ಮೊದಲೇ ಕೇಳಿ. ಅಲ್ಲಿನವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದಿದ್ದರೇ ಹೊಸಬರು ಅಂದುಕೊಳ್ಳುತ್ತಾರೆ.

ಹಂತ 4: ನಿಮ್ಮ ಬಾಗಿಲು ಯಾವುದು?

ನೇರವಾಗಿ ಹೇಳುತ್ತೇನೆ: ಟ್ಯೂನ್ ಗಡಿ ದಾಟುವಷ್ಟು ಸುಲಭವಾಗಿ ಮಾತು ದಾಟುವುದಿಲ್ಲ. ಹಾಗಾಗಿ ಟ್ಯೂನ್ ಹಾಕುವವರಿಗೆ ಬಾಗಿಲು ಜಾಸ್ತಿ.

ಕೊರಿಯಾದ ಪಾಪ್ ಸಂಗೀತವನ್ನೇ ನೋಡಿ. ಅಲ್ಲಿನ ಎಸ್‌ಎಂ ಎಂಟರ್‌ಟೇನ್‌ಮೆಂಟ್‌ನಂಥ ಕಂಪನಿಗಳು ಎಷ್ಟೋ ವರ್ಷಗಳಿಂದ ಸ್ವೀಡನ್, ಬ್ರಿಟನ್, ಅಮೆರಿಕದವರ ಹತ್ತಿರ ಹಾಡು ತೆಗೆದುಕೊಳ್ಳುತ್ತಿವೆ. ಇದಕ್ಕೆ 'ಸಾಂಗ್ ಕ್ಯಾಂಪ್' ನಡೆಸುತ್ತವೆ. ಬೇರೆ ಬೇರೆ ಊರಿನ ಬರಹಗಾರರನ್ನು ಕೆಲವು ದಿನ ಒಂದೇ ಸ್ಟುಡಿಯೋದಲ್ಲಿ ಕೂರಿಸಿ, ದಿನಕ್ಕೊಂದು ಹಾಡು ಬರೆಸುವ ಶಿಬಿರ ಅದು. ಕೆಲಸ ಎರಡಾಗಿ ಒಡೆದಿರುತ್ತದೆ. ಒಬ್ಬರು 'ಟ್ರ್ಯಾಕ್' ಮಾಡುತ್ತಾರೆ, ಅಂದರೆ ತಾಳ, ವಾದ್ಯ ಎಲ್ಲ. ಇನ್ನೊಬ್ಬರು ಅದರ ಮೇಲೆ 'ಟಾಪ್‌ಲೈನ್' ಹಾಕುತ್ತಾರೆ, ಅಂದರೆ ಹಾಡುವ ಮಟ್ಟು ಮತ್ತು ತಾತ್ಕಾಲಿಕ ಇಂಗ್ಲಿಷ್ ಸಾಹಿತ್ಯ. ಹಾಡು ಒಪ್ಪಿಗೆಯಾದರೆ ಕೊರಿಯನ್ ಸಾಹಿತಿ ಹೊಸದಾಗಿ ಮಾತು ಬರೆಯುತ್ತಾರೆ. ನಮ್ಮಲ್ಲಿ 'ತನನ' ಹಾಡಿ ಟ್ಯೂನ್ ಕೊಟ್ಟರೆ ಸಾಹಿತಿ ಮಾತು ತುಂಬುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಹಾಗಾಗಿ ನಿಮಗೆ ಕೊರಿಯನ್ ಬರಬೇಕಾಗಿಲ್ಲ. ಆದರೆ ಕಂಪನಿಗಳು ಗೊತ್ತಿಲ್ಲದವರ ಹಾಡು ಕೇಳುವುದು ಕಡಿಮೆ. ಹೆಚ್ಚಾಗಿ ಪಬ್ಲಿಷರ್ ಮೂಲಕವೇ ಹೋಗಬೇಕು. ಹಾಡಿನ ಹಕ್ಕು ನೋಡಿಕೊಂಡು, ಮಾರಿಸಿ, ಪಾಲು ತೆಗೆದುಕೊಳ್ಳುವವರೇ ಪಬ್ಲಿಷರ್. ಆಗಲೇ ಪಬ್ಲಿಷರ್ ಇರುವ ಒಬ್ಬ ಟ್ರ್ಯಾಕ್ ಮಾಡುವವರ ಜೊತೆ ಬರೆಯುವುದೇ ನಿಮಗೆ ಹತ್ತಿರದ ದಾರಿ.

ಎರಡನೆಯ ಬಾಗಿಲು ಯೂರೋವಿಷನ್, ಅಂದರೆ ಮುಖ್ಯವಾಗಿ ಯುರೋಪಿನ ದೇಶಗಳು ತಲಾ ಒಂದು ಹಾಡು ಕಳಿಸುವ ಸ್ಪರ್ಧೆ. ಹಾಡು ಬರೆಯುವವರು ಇಂಥ ದೇಶದವರೇ ಆಗಿರಬೇಕು ಅಂತ ಸ್ಪರ್ಧೆಯ ನಿಯಮದಲ್ಲಿ ಇಲ್ಲ. ಆದರೆ ತಮ್ಮ ಹಾಡು ಆರಿಸುವಾಗ ಕೆಲವು ದೇಶಗಳು ಸ್ವಂತ ನಿಯಮ ಹಾಕಿಕೊಳ್ಳುತ್ತವೆ. ಆಯಾ ದೇಶದ ಪ್ರಕಟಣೆ ಓದಿ. ಹಾಡು ಮೂರು ನಿಮಿಷ ಮೀರಬಾರದು. ಸ್ಪರ್ಧೆಯ ಹಿಂದಿನ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಬಿಡುಗಡೆ ಆಗಿರಬಾರದು. ಯೂಟ್ಯೂಬಿಗೆ ಹಾಕಿಬಿಟ್ಟು ಆಮೇಲೆ ಕಳಿಸುವವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಕನ್ನಡದಲ್ಲೇ ಬರೆಯುವವರಿಗೆ 'ಸಿಂಕ್' ಇದೆ. ಸಿನಿಮಾ, ಸರಣಿ, ಜಾಹೀರಾತು, ಗೇಮ್‌ಗಳ ದೃಶ್ಯಕ್ಕೆ ಹಾಡು ಕೊಡುವುದಕ್ಕೆ ಈ ಹೆಸರು. ಹಾಡು ಆರಿಸುವವರು 'ಮ್ಯೂಸಿಕ್ ಸೂಪರ್‌ವೈಸರ್'. ಅವರಿಗೆ ಯಾವಾಗಲೂ ಅವಸರ. ಕಾಂಪೊಸಿಷನ್, ಮಾಸ್ಟರ್ ಎರಡಕ್ಕೂ ಒಬ್ಬರೇ ಒಪ್ಪಿಗೆ ಕೊಡುವಂತಿದ್ದರೆ ಅವರಿಗೆ ಖುಷಿ. ಇದನ್ನು 'ಒನ್-ಸ್ಟಾಪ್' ಅನ್ನುತ್ತಾರೆ. ಮನೆಯಲ್ಲೇ ಬರೆದು, ಹಾಡಿ, ರೆಕಾರ್ಡ್ ಮಾಡುವವರಿಗೆ ದೊಡ್ಡ ಆಡಿಯೋ ಕಂಪನಿಗಿಂತ ಇಲ್ಲಿ ಅನುಕೂಲ ಜಾಸ್ತಿ. ಹಾಡು ಟಿವಿಯಲ್ಲಿ ಬಂದರೆ ಒಂದು ಸಲದ ಶುಲ್ಕದ ಮೇಲೆ ರಾಯಲ್ಟಿಯೂ ಬರಬಹುದು. ಅದಕ್ಕೆ 'ಕ್ಯೂ ಶೀಟ್'ನಲ್ಲಿ, ಅಂದರೆ ಕಾರ್ಯಕ್ರಮದಲ್ಲಿ ಯಾವ ಹಾಡು ಎಷ್ಟು ಸೆಕೆಂಡ್ ಬಂತು ಅನ್ನುವ ಪಟ್ಟಿಯಲ್ಲಿ, ನಿಮ್ಮ ಹೆಸರು ಸರಿಯಾಗಿ ಇರಬೇಕು. ಆ ಪಟ್ಟಿಯ ಒಂದು ಪ್ರತಿ ಕೇಳಿ ಪಡೆಯಿರಿ.

ಇನ್ನು ನಮ್ಮವರೇ ಇರುವ ಬಾಗಿಲು. ಅಮೆರಿಕದಲ್ಲಿ 'ಅಕ್ಕ', 'ನಾವಿಕ' ಅನ್ನುವ ಕನ್ನಡಿಗರ ಸಂಸ್ಥೆಗಳು ದೊಡ್ಡ ಸಮ್ಮೇಳನಗಳನ್ನು ನಡೆಸುತ್ತವೆ. ದುಬೈ, ಸಿಂಗಪುರ, ಬ್ರಿಟನ್‌ನಲ್ಲಿ ಕನ್ನಡ ಸಂಘಗಳಿವೆ. ಸಮ್ಮೇಳನದ ಹಾಡು, ರಾಜ್ಯೋತ್ಸವದ ಹಾಡು, ಮಕ್ಕಳ ಕನ್ನಡ ಶಾಲೆಗೆ ಹಾಡು, ಹೀಗೆ ಕೆಲಸ ಇರುತ್ತದೆ. ಸಾಹಿತ್ಯ ಮಾತ್ರ ಬರೆಯುವವರಿಗೆ ಇದಕ್ಕಿಂತ ಹತ್ತಿರದ ಬಾಗಿಲು ನನಗೆ ಕಂಡಿಲ್ಲ. ಕಾರ್ಯಕ್ರಮಕ್ಕೆ ಏಳೆಂಟು ತಿಂಗಳು ಮೊದಲೇ ಬರೆಯಿರಿ. ಇವು ಸ್ವಯಂಸೇವಕರು ನಡೆಸುವ ಸಂಘಗಳು, ಬಜೆಟ್ ಸಣ್ಣದು. ಶಾಲು, ಹಾರ, ಮೈಸೂರು ಪೇಟ ಪ್ರೀತಿಯಿಂದಲೇ ಕೊಡುತ್ತಾರೆ. ಸಂಭಾವನೆ ಮಾತ್ರ ಮೊದಲೇ ಮಾತಾಡಿಕೊಳ್ಳಿ. ಉಚಿತವಾಗಿ ಬರೆದುಕೊಟ್ಟರೂ ಹಾಡಿನ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ ಅಂತ ಒಂದು ಇಮೇಲ್ ಇರಲಿ.

ಹಂತ 5: ಡೆಮೊ ಮತ್ತು ಹಾಳೆ

ಕೇಳುವವರು ಮೊದಲ ಅರ್ಧ ನಿಮಿಷದಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ಇಲ್ಲಿ ನಮ್ಮ ಪಲ್ಲವಿ-ಚರಣದ ಪದ್ಧತಿ ಒಳ್ಳೆಯದೇ. ಹಾಡಿನ ಜೀವ ಮೊದಲ ಸಾಲಿನಲ್ಲೇ ಇರುತ್ತದೆ. ಕೆಡಿಸುವುದು ಅದಕ್ಕಿಂತ ಮೊದಲು ಬರುವ ಉದ್ದದ ಕೊಳಲು. ಡೆಮೊಗಾಗಿ ಅದನ್ನು ಐದಾರು ಸೆಕೆಂಡಿಗೆ ಇಳಿಸಿ.

ಸಿಂಕ್‌ಗೆ ಕಳಿಸುವುದಾದರೆ ಪೂರ್ತಿ ಹಾಡಿನ ಜೊತೆ ದನಿ ಇಲ್ಲದ, ವಾದ್ಯ ಮಾತ್ರ ಇರುವ ಪ್ರತಿಯನ್ನೂ ಮಾಡಿಡಿ. ಮಿಕ್ಸಿಂಗ್ ಮಾಡುವ ದಿನವೇ ಮಾಡಿಸಿಕೊಂಡರೆ ಹತ್ತು ನಿಮಿಷದ ಕೆಲಸ. ಆರು ತಿಂಗಳಾದ ಮೇಲೆ ಆ ಪ್ರಾಜೆಕ್ಟ್ ಫೈಲೇ ಸಿಗುವುದಿಲ್ಲ. ಫೈಲಿನ ಹೆಸರಲ್ಲಿ ಹಾಡಿನ ಹೆಸರು, ನಿಮ್ಮ ಹೆಸರು ಇರಲಿ. 'ಫೈನಲ್ ನ್ಯೂ 3' ಅಂತ ಕಳಿಸಿದರೆ ಯಾರದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಫೈಲಿನ ಒಳಗಿನ ಮಾಹಿತಿಯಲ್ಲಿ 'ಕನ್ನಡ', 'ದಕ್ಷಿಣ ಭಾರತ' ಅಂತ ಬರೆಯಿರಿ. ಇಲ್ಲದಿದ್ದರೆ ಅದು ಹಿಂದಿ ಹಾಡುಗಳ ರಾಶಿಗೆ ಹೋಗಿ ಬೀಳುತ್ತದೆ.

ಕನ್ನಡ ಸಾಹಿತ್ಯಕ್ಕೆ ಮೂರು ಸಾಲಿನ ಹಾಳೆ ಮಾಡಿ: ಕನ್ನಡ ಲಿಪಿ, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ, ಅದರ ಕೆಳಗೆ ಅರ್ಥ. ಅರ್ಥವನ್ನು ಸರಳವಾಗಿ ಕೊಡಿ, ಪ್ರಾಸ ಬೇಡ. ಕೆಟ್ಟ ಇಂಗ್ಲಿಷ್ ಪ್ರಾಸ ಎಷ್ಟೋ ಒಳ್ಳೆ ಕನ್ನಡ ಹಾಡನ್ನು ಕೊಂದಿದೆ.

ಹಂತ 6: ಯಾರಿಗೆ, ಹೇಗೆ ಕಳಿಸುವುದು

ಇನ್ನೂರು ಜನಕ್ಕೆ ಒಂದೇ ಇಮೇಲ್ ಕಳಿಸಬೇಡಿ. ನಿಮ್ಮ ಬಗೆಯ ಹಾಡು ಮಾಡುವ ಹತ್ತು ಜನರನ್ನು ಆರಿಸಿ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡಿನ 'ಕ್ರೆಡಿಟ್ಸ್' ತೆರೆದರೆ ಬರೆದವರ ಹೆಸರು ಸಿಗುತ್ತದೆ. ತಾರೆಗಳನ್ನು ಬಿಟ್ಟು, ನಿಮಗಿಂತ ಒಂದೆರಡು ಮೆಟ್ಟಿಲು ಮೇಲಿರುವವರನ್ನು ನೋಡಿ. ಬೆಂಗಳೂರಿನಲ್ಲೇ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚರದ್ದಾದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೊರಗಿನ ಸಂಗೀತಗಾರರು ಬರುತ್ತಿರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಮಾತು ನೂರು ಇಮೇಲಿಗಿಂತ ಮೇಲು.

ಇಮೇಲ್‌ನಲ್ಲಿ ಐದೇ ಸಾಲು ಸಾಕು. ನೀವು ಯಾರು, ಅವರ ಯಾವ ಹಾಡು ಕೇಳಿ ಬರೆಯುತ್ತಿದ್ದೀರಿ, ನಿಮ್ಮ ಒಂದು ಹಾಡಿನ ಲಿಂಕ್, ಹಕ್ಕು ಯಾರ ಹತ್ತಿರ ಇದೆ, ನಿಮಗೇನು ಬೇಕು. ಫೈಲ್ ಅಂಟಿಸಬೇಡಿ, ಲಿಂಕ್ ಕೊಡಿ. ಪಾಸ್‌ವರ್ಡ್ ಕೇಳದೆ ತೆರೆಯುತ್ತದಾ ಅಂತ ಬೇರೆ ಫೋನಿನಲ್ಲಿ ನೋಡಿ. ಮೂರು ವಾರ ಉತ್ತರ ಬರದಿದ್ದರೆ ಒಂದೇ ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. "ಸರ್, ಹಾಡು ಕೇಳಿದ್ರಾ?" ಅಂತ ದಿನಾ ಕೇಳಿದರೆ ಬಾಗಿಲು ಪೂರ್ತಿ ಮುಚ್ಚುತ್ತದೆ.

ಆನ್‌ಲೈನ್‌ನಲ್ಲಿ ಕೂತು ಬರೆಯುವುದಾದರೆ ಗಡಿಯಾರ ನೋಡಿಕೊಳ್ಳಿ. ಸಿಯೋಲ್ ನಮಗಿಂತ ಮೂರೂವರೆ ಗಂಟೆ ಮುಂದೆ. ಸ್ಟಾಕ್‌ಹೋಮ್ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಲಾಸ್ ಏಂಜಲೀಸ್‌ನ ಬೇಸಿಗೆಯ ಸಂಜೆ ಏಳೂವರೆ ಅಂದರೆ ನಮಗೆ ಮರುದಿನ ಬೆಳಗ್ಗೆ ಎಂಟು.

ಹಂತ 7: ಸ್ಪರ್ಧೆಗಳು

ನ್ಯಾಶ್‌ವಿಲ್‌ನ ಇಂಟರ್‌ನ್ಯಾಷನಲ್ ಸಾಂಗ್‌ರೈಟಿಂಗ್ ಕಾಂಪಿಟಿಷನ್‌ನಲ್ಲಿ ವರ್ಲ್ಡ್ ಮ್ಯೂಸಿಕ್ ವಿಭಾಗ ಇದೆ. ಜಾನ್ ಲೆನನ್ ಸಾಂಗ್‌ರೈಟಿಂಗ್ ಕಾಂಟೆಸ್ಟ್ ಇನ್ನೊಂದು ಹಳೆಯ ಸ್ಪರ್ಧೆ. ಪ್ರತಿ ಹಾಡಿಗೂ ಡಾಲರ್ ಲೆಕ್ಕದಲ್ಲಿ ಶುಲ್ಕ. ವರ್ಷಕ್ಕೆ ಒಂದೆರಡಕ್ಕೆ, ನಿಮ್ಮ ಅತ್ಯುತ್ತಮ ಹಾಡನ್ನು ಮಾತ್ರ ಕಳಿಸಿ. ಫೈನಲ್‌ಗೆ ಬಂದರೆ ಇಮೇಲ್‌ನಲ್ಲಿ ಬರೆಯಲು ಒಂದು ಸಾಲು ಸಿಗುತ್ತದೆ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಹಂತ 8: ಒಪ್ಪಂದ ಬಂದಾಗ

"ನಿಮ್ಮ ಹಾಡು ಆಯ್ಕೆಯಾಗಿದೆ, ರೆಕಾರ್ಡಿಂಗ್‌ಗೆ ಇಷ್ಟು ಡಾಲರ್ ಕಳಿಸಿ" ಅಂತ ಬಂದರೆ ಅಳಿಸಿಬಿಡಿ. ಅಮೆರಿಕದಲ್ಲಿ ಈ ದಂಧೆಗೆ ನೂರು ವರ್ಷದ ಇತಿಹಾಸ ಇದೆ. ಆಗ ಪತ್ರಿಕೆಯಲ್ಲಿ "ಕವಿತೆ ಕಳಿಸಿ, ಹಾಡು ಮಾಡಿಕೊಡುತ್ತೇವೆ" ಅಂತ ಜಾಹೀರಾತು ಹಾಕುತ್ತಿದ್ದರು, ಈಗ ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಬರುತ್ತದೆ. ನಿಜವಾದ ಪಬ್ಲಿಷರ್ ಬಂದ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತಾರೆ, ಮುಂಗಡ ಕೇಳುವುದಿಲ್ಲ.

ಒಪ್ಪಂದದಲ್ಲಿ ಈ ಮಾತುಗಳನ್ನು ಹುಡುಕಿ. 'ವರ್ಕ್ ಫಾರ್ ಹೈರ್' ಅಂತ ಇದ್ದರೆ, ಅಮೆರಿಕದ ಕಾನೂನಿನ ಪ್ರಕಾರ ಹಾಡಿನ ಕರ್ತೃ ನೀವಲ್ಲ, ಕಂಪನಿ ಅಂತ ಬರೆಸಿಕೊಳ್ಳುತ್ತಿದ್ದಾರೆ ಅಂತ ಅರ್ಥ. 'ಎಕ್ಸ್‌ಕ್ಲೂಸಿವ್' ಅಂದರೆ ಆ ಹಾಡನ್ನು ಬೇರೆ ಯಾರಿಗೂ ಕೊಡುವ ಹಾಗಿಲ್ಲ. ಅದಕ್ಕೆ ಕಾಲಮಿತಿ ಇದೆಯಾ ನೋಡಿ. 'ರಿವರ್ಷನ್' ಅಂದರೆ ಇಂತಿಷ್ಟು ಕಾಲದಲ್ಲಿ ಹಾಡು ಬಳಸದಿದ್ದರೆ ಹಕ್ಕು ನಿಮಗೆ ವಾಪಸ್. ಇದು ಇಲ್ಲದಿದ್ದರೆ ಸೇರಿಸಿ ಅಂತ ಕೇಳಿ. ಕೆಲವು ಸಿಂಕ್ ಲೈಬ್ರರಿಗಳು, ಅಂದರೆ ಸಿಂಕ್‌ಗಾಗಿ ಹಾಡುಗಳನ್ನು ಕೂಡಿಟ್ಟು ಕೊಡುವ ಕಂಪನಿಗಳು, ಹಾಡಿಗೆ ಹೊಸ ಹೆಸರಿಟ್ಟು ಮತ್ತೆ ನೋಂದಾಯಿಸುತ್ತವೆ. ಇದು 'ರೀಟೈಟ್ಲಿಂಗ್'. ಒಂದೇ ಹಾಡಿಗೆ ಮೂರು ಹೆಸರಾದರೆ ಮುಂದೆ ದೊಡ್ಡ ಅವಕಾಶ ಬಂದಾಗ ಗೋಜಲು, ನಾನಂತೂ ಒಪ್ಪುವುದಿಲ್ಲ. ಮೊದಲ ಒಪ್ಪಂದಕ್ಕಾದರೂ ಹಕ್ಕುಸ್ವಾಮ್ಯ ಗೊತ್ತಿರುವ ವಕೀಲರಿಗೆ ಫೀಸು ಕೊಟ್ಟು ಓದಿಸಿ. ಆಸ್ತಿ ವ್ಯಾಜ್ಯ ನೋಡುವ ಊರಿನ ವಕೀಲರು ಇದಕ್ಕೆ ಆಗುವುದಿಲ್ಲ.

ಹಂತ 9: ಹಣ ಬರುವಾಗ

ಅಮೆರಿಕದಿಂದ ಹಣ ಬರುವುದಾದರೆ ಡಬ್ಲ್ಯು-8 ಬೆನ್ ಅನ್ನುವ ಫಾರಂ ಕೇಳುತ್ತಾರೆ. ನೀವು ಅಮೆರಿಕದ ತೆರಿಗೆದಾರರಲ್ಲ ಅನ್ನುವ ಘೋಷಣೆ ಅದು. ತುಂಬದಿದ್ದರೆ ರಾಯಲ್ಟಿಯಲ್ಲಿ ಶೇ. 30 ಹಿಡಿಯುತ್ತಾರೆ. ಎರಡು ದೇಶಗಳ ತೆರಿಗೆ ಒಪ್ಪಂದ ಹೆಸರಿಸಿ, ಪ್ಯಾನ್ ನಂಬರ್ ಕೊಟ್ಟು ಸರಿಯಾಗಿ ತುಂಬಿದರೆ ಅದು ಶೇ. 15ಕ್ಕೆ ಇಳಿಯುತ್ತದೆ. ಸುಮಾರು ಮೂರು ವರ್ಷಕ್ಕೊಮ್ಮೆ ಮತ್ತೆ ತುಂಬಬೇಕು. ಹೆಸರು ಪ್ಯಾನ್‌ನಲ್ಲಿ, ಬ್ಯಾಂಕಿನಲ್ಲಿ, ಐಪಿಆರ್‌ಎಸ್‌ನಲ್ಲಿ ಒಂದೇ ರೀತಿ ಇರಲಿ. ಕಾವ್ಯನಾಮದಲ್ಲಿ ಬರೆಯುವವರು ಅದನ್ನೂ ಐಪಿಆರ್‌ಎಸ್‌ಗೆ ತಿಳಿಸಿ. ನಮ್ಮ ಇನಿಶಿಯಲ್‌ಗಳಿಂದ ತಡೆಹಿಡಿದ ಹಣ ಕಡಿಮೆ ಏನಲ್ಲ.

ಹಣ ಬಂದಾಗ ಬ್ಯಾಂಕಿನವರು ಯಾವ ಉದ್ದೇಶಕ್ಕೆ ಬಂತು ಅಂತ ಕೋಡ್ ಕೇಳುತ್ತಾರೆ. 'ಕುಟುಂಬ ನಿರ್ವಹಣೆ' ಅಂತ ಸುಮ್ನೆ ಟಿಕ್ ಹಾಕಬೇಡಿ, ರಾಯಲ್ಟಿ ಅಥವಾ ಲೈಸೆನ್ಸ್ ಶುಲ್ಕ ಅಂತ ಹೇಳಿ. ವಿದೇಶಿ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪತ್ರವನ್ನು, ಅಲ್ಲಿ ತೆರಿಗೆ ಹಿಡಿದ ಚೀಟಿಯನ್ನು ಎತ್ತಿಡಿ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ಲೆಕ್ಕದಲ್ಲಿ ಕಳೆಯಲು ರಿಟರ್ನ್ಸ್ ಜೊತೆ ಒಂದು ಪ್ರತ್ಯೇಕ ಫಾರಂ ಸಲ್ಲಿಸಬೇಕು. ಆಡಿಟರ್‌ಗೆ ಇದನ್ನು ಜುಲೈ ಕೊನೆಯ ವಾರದಲ್ಲಲ್ಲ, ಏಪ್ರಿಲ್‌ನಲ್ಲೇ ಹೇಳಿ.